ಶೋಲ್ಡರ್ ಸ್ಟಾಕ್: ತಿನ್ನೋ ಕುಂದಾ ಅಲ್ಲ, ಭುಜಕ್ಕೆ ಒತ್ತೋ ಕುಂದಾ

ಬೆಳಗಾವಿಯಲ್ಲಿ ಕುಂದಾ ಅಂದರೆ ಬಾಯಲ್ಲಿ ನೀರು ಬರುತ್ತದೆ. ಆದರೆ ಹಿಂದಿಯವರಿಗೆ ಬಂದೂಕಿನ ಹಿಂಬದಿಯ ಮರವೂ ಕುಂದಾನೇ. ಪೊಲೀಸರು, ಎನ್‌ಸಿಸಿ ಹುಡುಗರು ಅದನ್ನೇ ಬಟ್ ಅನ್ನುತ್ತಾರೆ, ಇಂಗ್ಲಿಷ್‌ನಲ್ಲಿ ಸ್ಟಾಕ್. ಷೇರು ಮಾರುಕಟ್ಟೆಯ ಸ್ಟಾಕ್ ಅಲ್ಲ, ಗಾಬರಿ ಬೇಡ. ಮಜಾ ಅಂದರೆ ಕುಂದಾ, ಸ್ಟಾಕ್ ಎರಡಕ್ಕೂ ಮೂಲದಲ್ಲಿ ಅರ್ಥ ಒಂದೇ: ಮರದ ಕೊರಡು, ದಿಮ್ಮಿ.

ಜನವರಿಯಲ್ಲಿ ಬಾದಾಮಿ ಹತ್ತಿರ ಬನಶಂಕರಿ ಜಾತ್ರೆಗೆ ಹೋದವರಿಗೆ ಇದು ಗೊತ್ತೇ ಇರುತ್ತದೆ. ಬಲೂನ್ ಹೊಡೆಯೋ ಅಂಗಡಿಯಲ್ಲಿ ಏರ್ ರೈಫಲ್ ಎತ್ತಿದ ಕೂಡಲೇ ಯಾರೂ ಹೇಳಿಕೊಡದೆ ಅದರ ಮರವನ್ನು ಭುಜಕ್ಕೆ ಒತ್ತಿ ಕೆನ್ನೆ ಆನಿಸುತ್ತೇವಲ್ಲ, ಆ ಮರವೇ ಸ್ಟಾಕ್. ಪಿಸ್ತೂಲಿಗೆ ಅದಿಲ್ಲ. ಕೈ ಚಾಚಿ ಹಿಡಿಯಬೇಕು, ಕೈ ನಡುಗುತ್ತದೆ.

ಎಷ್ಟು ಫರಕು ಅಂತ ತಿಳಿಯಬೇಕಾದರೆ ಒಲಿಂಪಿಕ್ಸ್ ಗುರಿಹಲಗೆ ನೋಡಿ. ಏರ್ ರೈಫಲ್‌ಗೂ ಏರ್ ಪಿಸ್ತೂಲಿಗೂ ದೂರ ಒಂದೇ, 10 ಮೀಟರ್. ಛರ್ರಾ, ಅಂದರೆ ಅದರೊಳಗಿನ ಸಣ್ಣ ಗುಂಡು, ಅದೂ ಒಂದೇ ಅಳತೆ, 4.5 ಮಿ.ಮೀ. ಆದರೆ ಪಿಸ್ತೂಲಿನ ಹತ್ತು ಅಂಕದ ವೃತ್ತ 11.5 ಮಿ.ಮೀ. ಅಗಲ, ರೈಫಲ್‌ನದ್ದು ಬರೀ ಅರ್ಧ ಮಿ.ಮೀ., ಪೆನ್ನಿನ ಚುಕ್ಕೆಯಷ್ಟು. ರೈಫಲ್ ಉದ್ದ ಜಾಸ್ತಿ, ಭಾರ ಜಾಸ್ತಿ, ಮೈಗೆ ದಪ್ಪ ಜಾಕೆಟ್ ಬೇರೆ, ಒಪ್ಪಿದೆ. ಆದರೂ ದೊಡ್ಡ ಪಾಲು ಭುಜದ್ದೇ. ಗುರಿ ನೋಡೋಕೆ ಪಿಸ್ತೂಲಿನ ಮೇಲಿರೋ ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ನಡುವೆ 20 ಸೆಂ.ಮೀ. ಇದೆ ಅಂದುಕೊಳ್ಳಿ, ಅಲ್ಲಿ ಒಂದು ಮಿ.ಮೀ. ಅಲುಗಿದರೆ 10 ಮೀಟರ್ ಆಚೆ 5 ಸೆಂ.ಮೀ. ತಪ್ಪುತ್ತದೆ. ಸ್ಟಾಕ್ ಹಾಕಿದರೆ ಛರ್ರಾ ಜೋರಾಗಿ ಹೋಗುತ್ತದೆ ಅನ್ನೋದು ಸುಳ್ಳು. ಅದು ಮಾಡೋದು ಈ ಅಲುಗಾಟ ಕಡಿಮೆ, ಅಷ್ಟೇ.

ಪಿಸ್ತೂಲಿಗೆ ಸ್ಟಾಕ್ ಸಿಗಿಸೋ ಐಡಿಯಾ ಹೊಸದಲ್ಲ. 1896ರ ಜರ್ಮನಿಯ ಮೌಸರ್ ಸಿ96 ಪಿಸ್ತೂಲು ಇಡೋ ಮರದ ಒರೆಯನ್ನೇ ಹಿಡಿಯ ಹಿಂದೆ ಸಿಗಿಸಿದರೆ ಸ್ಟಾಕ್ ಆಗುತ್ತಿತ್ತು. ಅಮೆರಿಕದ ಕ್ರಾಸ್‌ಮನ್ 1377 ಅನ್ನೋ ಪಂಪ್ ಏರ್ ಪಿಸ್ತೂಲಿಗೆ ಕಂಪನಿಯದ್ದೇ ಪ್ಲಾಸ್ಟಿಕ್ ಸ್ಟಾಕ್ ಇದೆ. ಹಿಡಿಯ ಎರಡು ಪಟ್ಟಿ ಬಿಚ್ಚಿ ಅದೇ ಜಾಗದಲ್ಲಿ ಸ್ಕ್ರೂ ಹಾಕಿ ಕೂರಿಸೋದು.

ನಾನು ಮನೆಯಲ್ಲೇ ಮಾಡಿ ನೋಡೋಣ ಅಂತ ಬಾಗಲಕೋಟೆಯಲ್ಲಿ ನಮ್ಮ ಮಾವನ ಹಳೇ ಏರ್ ಪಿಸ್ತೂಲಿನ ಹಿಡಿಯ ಅಳತೆ ತೆಗೆದುಕೊಂಡು, ಜಾಲಿ ಕಟ್ಟಿಗೆ ಹಿಡಿದು ಬಡಿಗರ ಹತ್ತಿರ ಹೋದೆ. ಅವರು ಕಟ್ಟಿಗೆ ಕೈಯಲ್ಲಿ ತೂಗಿ ನೋಡಿ, "ತಮ್ಮಾ, ಇದು ಬಂದೂಕಿಗೇನೋ ರಂಟಿಗೇನೋ? ರಂಟಿ ಮೇಣಿ ಆದಂಗ ಆಗ್ತೈತಿ ನೋಡು" ಅಂದರು. ರಂಟಿ ಮೇಣಿ ಅಂದರೆ ನೇಗಿಲ ಹಿಡಿಕೆ. ಹಾಗೇ ಆಯಿತು. ಜಾತ್ರೆಯ ರೈಫಲ್ ನೆನಪಲ್ಲಿಟ್ಟು ಉದ್ದ ಹೇಳಿದ್ದೆ. ಟ್ರಿಗರ್‌ನಿಂದ ಸ್ಟಾಕಿನ ತುದಿಗೆ ದೊಡ್ಡವರಿಗೆ ಸುಮಾರು 33ರಿಂದ 35 ಸೆಂ.ಮೀ. ಇದ್ದರೆ ಸಾಕು, ನನ್ನದು 40 ದಾಟಿತ್ತು. ಅದಕ್ಕಿಂತ ದೊಡ್ಡ ತಪ್ಪು ಕೂರಿಸಿದ ಕಡೆ. ಜೋಡಣೆಯಲ್ಲಿ ಬೆಂಕಿಕಡ್ಡಿ ದಪ್ಪದಷ್ಟು ಸಂದು ಉಳಿದಿತ್ತು, ಭುಜಕ್ಕೆ ಒತ್ತಿದರೆ ಪಿಸ್ತೂಲು ಒಂದು ಕಡೆ, ಕಟ್ಟಿಗೆ ಒಂದು ಕಡೆ. ಸಡಿಲ ಸ್ಟಾಕಿಗಿಂತ ಬರಿಗೈ ಮೇಲು, ಇದನ್ನ ಅನುಭವದಿಂದ ಹೇಳ್ತಿದ್ದೀನಿ.

ಎರಡನೇ ಸಲ ಅಳತೆ ಸರಿಹೋಯಿತು, ಆದರೆ ಕೆನ್ನೆ ಆನಿಸಿ ನೋಡಿದರೆ ಹಿಂದಿನ ಸೈಟ್ ಮಸಕು ಮಸಕು. ಯಾಕಂದ್ರೆ ಪಿಸ್ತೂಲಿನ ಸೈಟ್ ಮಾಡಿರೋದೇ ಕೈ ಚಾಚಿದಷ್ಟು ದೂರದಿಂದ ನೋಡೋಕೆ. ಕಣ್ಣಿನ ಹತ್ತಿರ ಬಂದರೆ ತೂತಿನ ಸೈಟ್ ಬೇಕಾಗುತ್ತದೆ. ಮುಖವೂ ಲೋಹದ ಹತ್ತಿರ ಬರುತ್ತದೆ, ಹಾಗಾಗಿ ಕಣ್ಣು ಕಾಯೋ ಕನ್ನಡಕ ಇಲ್ಲದೆ ಹೊಡೆಯಲೇಬಾರದು, ಛರ್ರಾ ತಗಡಿಗೆ ಬಡಿದು ವಾಪಸ್ ಬರುವುದುಂಟು. ಮೇಲಿನ ಭಾಗವನ್ನು ಎತ್ತಿ ಕಾಕ್ ಮಾಡೋ, ಅಂದರೆ ಸ್ಪ್ರಿಂಗ್ ಬಿಗಿ ಮಾಡೋ, ಪಿಸ್ತೂಲಾದರೆ ಸ್ಟಾಕ್ ಅದಕ್ಕೆ ಅಡ್ಡ ಬರುತ್ತದೋ ಅಂತಾನೂ ಮೊದಲೇ ನೋಡಬೇಕು.

ಕಾನೂನು ಕೇಳುವವರಿಗೆ: 4.5 ಮಿ.ಮೀ. ಒಳಗಿನ, ಛರ್ರಾದ ಶಕ್ತಿ 20 ಜೂಲ್ ದಾಟದ ಏರ್‌ಗನ್‌ಗೆ 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್ ಬೇಡ. ಹಾಗಂತ ಹೊಲದಲ್ಲಿ ನವಿಲು, ಕೌಜುಗಕ್ಕೆ ಗುರಿ ಇಟ್ಟರೆ 1972ರ ವನ್ಯಜೀವಿ ಕಾಯ್ದೆ ಇದೆ. ಸ್ಟಾಕ್ ಹಾಕಿದ ಪಿಸ್ತೂಲು ದೂರದಿಂದ ನೋಡಿದವರಿಗೆ ನಿಜವಾದ ಬಂದೂಕೇ, ರಸ್ತೆಯಲ್ಲಿ ಹಿಡಿದು ತಿರುಗಬೇಡಿ. ಸ್ಪರ್ಧೆಗೂ ತರಬೇಡಿ. 10 ಮೀಟರ್ ಪಿಸ್ತೂಲ್ ಅಂದರೆ ಒಂದೇ ಕೈ, ಅಲ್ಲಿ ಸ್ಟಾಕ್ ಇರಲಿ, ಮಣಿಕಟ್ಟಿಗೆ ಆಸರೆ ಕೊಡೋದಕ್ಕೂ ಬಿಡುವುದಿಲ್ಲ.