ತೆರೆದ ಜೀಪಿನಲ್ಲಿ ಕೂತವರ ಮೇಲೆ ಸಿಂಹ ಯಾಕೆ ಎರಗುವುದಿಲ್ಲ?

ಆಫ್ರಿಕಾ ಸಫಾರಿ ಅಂದ ಕೂಡಲೇ ಓದುಗರು ಕೇಳುವುದು ಇದನ್ನೇ. ಜೀಪಿಗೆ ಬಾಗಿಲಿಲ್ಲ, ಗಾಜಿಲ್ಲ, ಸಿಂಹ ಪಕ್ಕದಲ್ಲೇ ಮಲಗಿರುತ್ತದೆ, ಆದರೂ ಯಾರನ್ನೂ ಮುಟ್ಟುವುದಿಲ್ಲ, ಹೇಗೆ?

ಜಾಂಬಿಯಾದ ಸೌತ್ ಲುವಾಂಗ್ವಾದಲ್ಲಿ ನಾನು ಕಂಡದ್ದು ಹೇಳುತ್ತೇನೆ. ಸುಮಾರು 9,000 ಚದರ ಕಿಲೋಮೀಟರ್ ಕಾಡು, ಸುತ್ತ ಬೇಲಿ ಇಲ್ಲ. ಒಂದು ಸಂಜೆ ಹೆಣ್ಣು ಸಿಂಹವೊಂದು ನಮ್ಮ ಗಾಡಿಯ ಚಕ್ರಕ್ಕೆ ಮೈ ತಾಗಿಸುವಷ್ಟು ಹತ್ತಿರ ನಡೆದು ಹೋಯಿತು. ಕಿವಿಯ ಮೇಲೆ ಕೂತ ನೊಣಗಳೂ ಕಾಣುತ್ತಿದ್ದವು. ಅದು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಆ ಸಿಂಹ ಮರಿಯಾಗಿದ್ದಾಗಿಂದ ಗಾಡಿ ನೋಡುತ್ತಾ ಬೆಳೆದಿದೆ. ಗಾಡಿ ಯಾವತ್ತೂ ಅದನ್ನು ಅಟ್ಟಿಸಿಕೊಂಡು ಬಂದಿಲ್ಲ, ತಿನ್ನಲು ಏನೂ ಹಾಕಿಲ್ಲ, ತಾಯಿ ಗಾಡಿ ಕಂಡು ಓಡಿದ್ದನ್ನೂ ಅದು ನೋಡಿಲ್ಲ. ಹಾಗಾಗಿ ಗಾಡಿ, ಸೀಟು, ಜನ ಎಲ್ಲಾ ಸೇರಿ ಅದರ ಕಣ್ಣಿಗೆ ಒಂದೇ ದೊಡ್ಡ ಆಕಾರ. ನೀವು ಎದ್ದು ನಿಂತರೆ ಆ ಆಕಾರದಿಂದ ಮನುಷ್ಯ ಬೇರೆಯಾಗಿ ಕಾಣುತ್ತಾನೆ. ಕೂತೇ ಇರಿ, ಕೈ ಹೊರಗೆ ಚಾಚಬೇಡಿ ಅಂತ ಗೈಡ್ ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಕೆಳಗಿಳಿದು ನಡೆದರೆ ಎಲ್ಲಾ ಬದಲಾಗುತ್ತದೆ. ನಾರ್ಮನ್ ಕಾರ್ ಎಂಬುವರು 1950ರ ದಶಕದಲ್ಲಿ ಪ್ರವಾಸಿಗರನ್ನು ಕಾಲ್ನಡಿಗೆಯಲ್ಲಿ ಕರೆದೊಯ್ಯಲು ಶುರು ಮಾಡಿದ್ದು ಇದೇ ಲುವಾಂಗ್ವಾ ಕಣಿವೆಯಲ್ಲಿ. ಮುಂದೆ ಬಂದೂಕು ಹಿಡಿದ ಸ್ಕೌಟ್, ಅಂದರೆ ಕಾಡಿನ ಕಾವಲುಗಾರ, ಅವರ ಹಿಂದೆ ಗೈಡ್, ಆಮೇಲೆ ನಾವು ಸಾಲಾಗಿ. ಎರಡು ಕಾಲಿನ ಮನುಷ್ಯನನ್ನು ಕಂಡರೆ ಸಿಂಹ ಸಾಮಾನ್ಯವಾಗಿ ಎದ್ದು ದೂರ ಹೋಗುತ್ತದೆ. ಗೈಡ್‌ಗಳಿಗೆ ಜಾಸ್ತಿ ಚಿಂತೆ ಒಂಟಿ ಗಂಡು ಕಾಡೆಮ್ಮೆಯದು, ನಾವು ಅಡ್ಡ ಬಂದದ್ದರಿಂದ ನೀರಿಗೆ ಮರಳುವ ದಾರಿ ಕಳೆದುಕೊಂಡ ನೀರಾನೆಯದು. ಏನೇ ಎದುರಾದರೂ ಸುಮ್ನೆ ಓಡಬೇಡಿ, ಗೈಡ್ ಹೇಳಿದಂತೆ ಮಾಡಿ.

ಹಾಗಂತ ಗಾಡಿಯಲ್ಲಿ ಭಯವೇ ಇಲ್ಲ ಅಂತಲ್ಲ. ಮರಿ ಜೊತೆಗಿರುವ ಆನೆಗೆ ಸಿಟ್ಟು ಬಂದರೆ ಗಾಡಿಯ ಮೇಲೂ ನುಗ್ಗುತ್ತದೆ, ಕಬಿನಿಯಲ್ಲಿ ಓಡಾಡಿದವರಿಗೆ ಇದು ಗೊತ್ತೇ ಇರುತ್ತದೆ ಅಲ್ವಾ? ಫೋಟೋಗಾಗಿ ಇನ್ನೂ ಹತ್ತಿರ ಹೋಗು ಅಂತ ಡ್ರೈವರನ್ನು ದಯವಿಟ್ಟು ಒತ್ತಾಯಿಸಬೇಡಿ. ಪ್ರಾಣಿಗಳ ಆ ನಿಶ್ಚಿಂತೆ ಎಷ್ಟೋ ವರ್ಷ ಯಾರೂ ಅವನ್ನು ಕೆಣಕದೇ ಇದ್ದುದರಿಂದ ಬಂದದ್ದು.

ರಾತ್ರಿ ಕ್ಯಾಂಪಿನಲ್ಲೂ ಎಚ್ಚರ ಬೇಕು. ಕತ್ತಲಾದ ಮೇಲೆ ನೀರಾನೆಗಳು ಹುಲ್ಲು ಮೇಯಲು ನದಿಯಿಂದ ಮೇಲೆ ಬರುತ್ತವೆ, ಟೆಂಟಿನ ಪಕ್ಕದಲ್ಲೇ ಪರಪರ ಹುಲ್ಲು ಕೀಳುವ ಸದ್ದು ಕೇಳುತ್ತದೆ. ಊಟಕ್ಕೆ ಹೋಗಬೇಕಾದರೂ ಕಾವಲಿನವರು ಟಾರ್ಚ್ ಹಿಡಿದು ಬರುವವರೆಗೆ ಒಳಗೇ ಕಾಯಿರಿ.