ಪೇಸ್‌ಮೇಕರ್ ಅಪ್‌ಗ್ರೇಡ್: ಬ್ಯಾಟರಿ ಬದಲಿಸಿದಷ್ಟು ಸಲೀಸಲ್ಲ

ಪೇಸ್‌ಮೇಕರ್ ಹಾಕಿಸಿಕೊಂಡು ಆರೆಂಟು ವರ್ಷ ಚೆನ್ನಾಗಿದ್ದವರಿಗೆ ಒಂದು ದಿನ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ, ಸಂಜೆ ಹೊತ್ತಿಗೆ ಪಾದ ಊದುತ್ತದೆ. ಎಕೋ ಮಾಡಿಸಿದರೆ, ಹಿಂದೆ ಶೇ. 60 ಇದ್ದ ಇಎಫ್ (ಎಡ ಹೃತ್ಕುಕ್ಷಿ ಪ್ರತಿ ಬಡಿತಕ್ಕೆ ಹೊರದೂಡುವ ರಕ್ತದ ಪಾಲು) 35ಕ್ಕೆ ಇಳಿದಿರುತ್ತದೆ. ಆಗ ವೈದ್ಯರು ಅಪ್‌ಗ್ರೇಡ್, ಅಂದರೆ ಹೊಸ ಲೀಡ್ (ಯಂತ್ರದಿಂದ ಹೃದಯಕ್ಕೆ ಹೋಗುವ ತಂತಿ) ಸೇರಿಸಿ ಯಂತ್ರವನ್ನೂ ಬದಲಿಸುವ ಮಾತೆತ್ತುತ್ತಾರೆ. ಮನೆಯವರು ಅದನ್ನು ಬ್ಯಾಟರಿ ಬದಲಾವಣೆ ಎಂದೇ ತಿಳಿದು, ಬೆಳಿಗ್ಗೆ ಹೋಗಿ ಸಂಜೆ ಬರುವ ಲೆಕ್ಕದಲ್ಲಿ ಇರುತ್ತಾರೆ. ಎರಡಕ್ಕೂ ಬಹಳ ವ್ಯತ್ಯಾಸವಿದೆ. 2010ರಲ್ಲಿ ಪ್ರಕಟವಾದ ರಿಪ್ಲೇಸ್ ಅಧ್ಯಯನದಲ್ಲಿ ಬರೀ ಜನರೇಟರ್ (ಬ್ಯಾಟರಿ ಇರುವ ಯಂತ್ರದ ಪೆಟ್ಟಿಗೆ) ಬದಲಿಸಿದವರಲ್ಲಿ ಆರು ತಿಂಗಳೊಳಗೆ ದೊಡ್ಡ ತೊಡಕು ಕಂಡದ್ದು ಶೇ. 4 ಮಂದಿಗೆ. ಹೊಸ ಲೀಡ್ ಸೇರಿಸಿದವರಲ್ಲಿ ಅದು ಶೇ. 15 ದಾಟಿತ್ತು. ಈ ಅಂತರದ ಒಂದು ಪಾಲನ್ನಾದರೂ ತಯಾರಿಯಿಂದ ತಗ್ಗಿಸಬಹುದು.

ಹೃದಯ ಸೋತದ್ದೇಕೆ ಎಂಬುದು ಮೊದಲ ಪ್ರಶ್ನೆ. ಸಾಮಾನ್ಯ ಪೇಸ್‌ಮೇಕರಿನ ಲೀಡ್ ಬಲ ಹೃತ್ಕುಕ್ಷಿಯಲ್ಲಿರುತ್ತದೆ. ವಿದ್ಯುತ್ ಸಂಕೇತ ಅಲ್ಲಿಂದ ಹೊರಟು, ಹೃದಯದ ಸ್ವಂತ ವೇಗದ ತಂತುಜಾಲವನ್ನು ಬಿಟ್ಟು, ಸ್ನಾಯುವಿನ ಮೂಲಕ ತೆವಳಿಕೊಂಡು ಎಡಗಡೆಗೆ ತಲುಪುತ್ತದೆ. ಒಂದು ಗೋಡೆ ಕುಗ್ಗಿ ಮುಗಿಸುವಾಗ ಎದುರು ಗೋಡೆ ಆಗಷ್ಟೇ ಶುರು ಮಾಡುತ್ತದೆ. ಇಸಿಜಿಯಲ್ಲಿ ಕ್ಯೂಆರ್‌ಎಸ್ (ಸಂಕೇತ ಹೃತ್ಕುಕ್ಷಿಗಳಲ್ಲಿ ಹರಡುವುದನ್ನು ತೋರಿಸುವ ಅಲೆ) 150 ಮಿಲಿಸೆಕೆಂಡ್ ಮೀರಿ ಅಗಲವಾಗುತ್ತದೆ. ಒಟ್ಟು ಬಡಿತಗಳಲ್ಲಿ ಶೇ. 20ಕ್ಕಿಂತ ಹೆಚ್ಚು ಹೀಗೆ ಬಲಗಡೆಯಿಂದ ಬಂದರೆ ಕೆಲವರಲ್ಲಿ ಎಡ ಹೃತ್ಕುಕ್ಷಿ ನಿಧಾನವಾಗಿ ಹಿಗ್ಗುತ್ತದೆ. ಎಲ್ಲರಲ್ಲೂ ಹೀಗಾಗುವುದಿಲ್ಲ. ನೂರಕ್ಕೆ ನೂರು ಪೇಸಿಂಗ್ (ಯಂತ್ರವೇ ಬಡಿಸುವುದು) ಇದ್ದೂ ವರ್ಷಾನುಗಟ್ಟಲೆ ಗಟ್ಟಿಯಾಗಿರುವ ಹೃದಯಗಳು ಬೇಕಾದಷ್ಟಿವೆ.

ಹಾಗಾಗಿ ಪೇಸ್‌ಮೇಕರಿನ ಮೇಲೆ ತಪ್ಪು ಹೊರಿಸುವ ಮುನ್ನ ಉಳಿದ ಕಾರಣಗಳನ್ನು ನೋಡಬೇಕು: ರಕ್ತನಾಳದ ಹೊಸ ಬ್ಲಾಕ್, ಕವಾಟದ ಸೋರಿಕೆ, ಅಂಕೆ ಮೀರಿ ಓಡುವ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳ ತಾಳತಪ್ಪಿದ ಬಡಿತ), ಪದೇಪದೇ ಬರುವ ಹೆಚ್ಚುವರಿ ಬಡಿತ, ಥೈರಾಯ್ಡ್, ಮದ್ಯ. ಇನ್ನೊಂದು, ಪೇಸಿಂಗನ್ನೇ ಕಡಿಮೆ ಮಾಡಲು ಸಾಧ್ಯವೇ? ಸೈನಸ್ ನೋಡ್ (ಬಡಿತ ಹುಟ್ಟುವ ಜಾಗ) ಮಾತ್ರ ದುರ್ಬಲವಾಗಿದ್ದು ಮೇಲಿನ ಕೋಣೆಯಿಂದ ಕೆಳಕ್ಕೆ ಹೋಗುವ ಸಂಕೇತ ಸರಿಯಾಗಿದ್ದರೆ, ಪ್ರೋಗ್ರಾಮರ್‌ನಲ್ಲಿ (ಯಂತ್ರವನ್ನು ಹೊರಗಿನಿಂದ ಹೊಂದಿಸುವ ಸಾಧನ) ಎವಿ ಡಿಲೇ, ಅಂದರೆ ಮೇಲಿನ ಬಡಿತದ ನಂತರ ಕೆಳಗಿನದಕ್ಕೆ ಯಂತ್ರ ಕಾಯುವ ಸಮಯ, ಹೆಚ್ಚಿಸಿದರೆ ಬಲ ಹೃತ್ಕುಕ್ಷಿಯ ಪೇಸಿಂಗ್ ಎಷ್ಟೋ ಇಳಿಯುತ್ತದೆ. ಚಾಕು ಮುಟ್ಟದೆ ಹತ್ತು ನಿಮಿಷದಲ್ಲಿ ಆಗುವ ಕೆಲಸ ಇದು. ಪೂರ್ಣ ಹಾರ್ಟ್ ಬ್ಲಾಕ್ ಇದ್ದವರಿಗೆ ಮಾತ್ರ ಈ ದಾರಿ ಇಲ್ಲ.

ಆ ದಾರಿಗಳೆಲ್ಲ ಮುಚ್ಚಿದ್ದರೆ ಅಪ್‌ಗ್ರೇಡಿನಿಂದ ನಿಜಕ್ಕೂ ಲಾಭವಿದೆ. ಅದರ ಮುಖ್ಯ ಬಗೆ ಸಿಆರ್‌ಟಿ: ಕೊರೊನರಿ ಸೈನಸ್ ಎಂಬ ಅಭಿಧಮನಿಯ ಕವಲಿನೊಳಗೆ ಇನ್ನೊಂದು ಲೀಡ್ ಇಳಿಸಿ, ಎರಡೂ ಹೃತ್ಕುಕ್ಷಿಗಳನ್ನು ಒಟ್ಟಿಗೆ ಬಡಿಸುವುದು. 2023ರ ಬುಡಾಪೆಸ್ಟ್ ಸಿಆರ್‌ಟಿ ಅಪ್‌ಗ್ರೇಡ್ ಅಧ್ಯಯನಕ್ಕೆ ಸೇರಿಸಿಕೊಂಡದ್ದು ಇಎಫ್ 35 ಅಥವಾ ಕಡಿಮೆ, ಬಲಗಡೆಯ ಪೇಸಿಂಗ್ ಶೇ. 20 ಅಥವಾ ಹೆಚ್ಚು, ಕ್ಯೂಆರ್‌ಎಸ್ 150ಕ್ಕೆ ಕಡಿಮೆಯಿಲ್ಲದ 360 ಮಂದಿಯನ್ನು. ಸಾವು, ಹೃದಯ ವೈಫಲ್ಯಕ್ಕೆ ಆಸ್ಪತ್ರೆ ಸೇರುವುದು, ಹಿಗ್ಗಿದ ಹೃತ್ಕುಕ್ಷಿ ಕುಗ್ಗದಿರುವುದು, ಇವುಗಳಲ್ಲಿ ಯಾವುದಾದರೊಂದು ಸಿಆರ್‌ಟಿ ಗುಂಪಿನಲ್ಲಿ ಶೇ. 32.4, ಸಿಆರ್‌ಟಿ ಇಲ್ಲದ ಇನ್ನೊಂದು ಗುಂಪಿನಲ್ಲಿ ಶೇ. 78.9 ಮಂದಿಗೆ ಆಯಿತು. ಶಾಕ್ ಕೊಡುವ ಸಾಮರ್ಥ್ಯವೂ ಬೇಕಾದರೆ ಸಿಆರ್‌ಟಿ-ಡಿ. ಅದಕ್ಕೆ ಬಲಗಡೆಯೂ ಹೊಸ, ದಪ್ಪನೆಯ ಲೀಡ್ ಬೇಕು. ಹೃದಯದ ಸ್ವಂತ ತಂತುವನ್ನೇ ಹಿಡಿಯುವ ಲೆಫ್ಟ್ ಬಂಡಲ್ ಪೇಸಿಂಗ್ ಇನ್ನೊಂದು ಆಯ್ಕೆ. 'ನನಗೆ ಯಾವುದು, ಏಕೆ? ಮೊದಲನೆಯದು ಕೂರದಿದ್ದರೆ ಮುಂದೇನು?' ಎಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಿ. ಟೇಬಲ್ ಮೇಲೆ ಮಲಗಿದ ಮೇಲೆ ಕೇಳುವ ಪ್ರಶ್ನೆಯಲ್ಲ ಅದು.

ದಾಖಲೆಗಳಲ್ಲಿ ಮೊದಲು ಬೇಕಾದದ್ದು ಪೇಸ್‌ಮೇಕರ್ ಕಾರ್ಡು. ಅದರಲ್ಲಿ ಪ್ರತಿ ಲೀಡಿನ ಮಾದರಿ ಸಂಖ್ಯೆ, ಹಾಕಿದ ವರ್ಷ ಇರುತ್ತದೆ. ಹಳೆ ಲೀಡಿನ ಪಿನ್ನು ಹೊಸ ಯಂತ್ರದ ತೂತಿಗೆ ಹೊಂದಬೇಕಲ್ಲ. ಐಎಸ್-1, ಡಿಎಫ್-1, ಡಿಎಫ್4, ಐಎಸ್4 ಎಂಬ ಬೇರೆಬೇರೆ ಕನೆಕ್ಟರ್‌ಗಳಿವೆ. ಮುಂದೆ ಎಂಆರ್‌ಐ ಬೇಕಾಗಬಹುದಾದವರು ಇನ್ನೊಂದು ವಿಷಯ ಗಮನಿಸಬೇಕು: ಒಂದು ಕಂಪನಿಯ ಲೀಡಿಗೆ ಇನ್ನೊಂದು ಕಂಪನಿಯ ಯಂತ್ರ ಜೋಡಿಸಿದರೆ, ಅಥವಾ ಕೆಲಸಕ್ಕೆ ಬಾರದ ಲೀಡನ್ನು ಒಳಗೇ ಬಿಟ್ಟರೆ, 'ಎಂಆರ್‌ಐ ಮಾಡಬಹುದು' ಎಂಬ ಮಾನ್ಯತೆ ಹೋಗಿಬಿಡುತ್ತದೆ.

ಜತೆಗೆ ಯಂತ್ರದ ಪೂರ್ತಿ ತಪಾಸಣೆ ಆಗಬೇಕು. ಬ್ಯಾಟರಿ, ಪೇಸಿಂಗ್ ಪ್ರಮಾಣ, ಪ್ರತಿ ಲೀಡಿನ ಥ್ರೆಶೋಲ್ಡ್ (ಹೃದಯವನ್ನು ಬಡಿಸಲು ಬೇಕಾದ ಕನಿಷ್ಠ ವಿದ್ಯುತ್) ಮತ್ತು ಇಂಪೀಡೆನ್ಸ್ (ಲೀಡಿನ ವಿದ್ಯುತ್ ತಡೆ) ಬರೆದಿಡಬೇಕು. ಎಲ್ಲಕ್ಕಿಂತ ಮುಖ್ಯ, ಪೇಸಿಂಗ್ ನಿಲ್ಲಿಸಿದರೆ ಹೃದಯ ತಾನಾಗಿ ಬಡಿಯುತ್ತದೆಯೇ ಎಂಬ ಪರೀಕ್ಷೆ. ಬಡಿಯದಿದ್ದರೆ ಲೀಡ್ ಬಿಚ್ಚಿ ಜೋಡಿಸುವ ಕೆಲವೇ ಸೆಕೆಂಡುಗಳೂ ಅಪಾಯಕಾರಿ, ಅದಕ್ಕೆ ತಂಡ ಮೊದಲೇ ಸಿದ್ಧವಾಗಿರಬೇಕು.

ಇನ್ನು ರಕ್ತನಾಳ. ವರ್ಷಗಟ್ಟಲೆ ಲೀಡ್ ಕೂತಿದ್ದ ಕಾಲರ್ ಮೂಳೆಯ ಕೆಳಗಿನ ಅಭಿಧಮನಿ ಎಷ್ಟೋ ಜನರಲ್ಲಿ ಸಣ್ಣದಾಗಿರುತ್ತದೆ, ಕೆಲವರಲ್ಲಿ ಪೂರ್ತಿ ಮುಚ್ಚಿರುತ್ತದೆ. ಪಕ್ಕದ ಸಣ್ಣ ನಾಳಗಳು ರಕ್ತ ಹರಿಸುವುದರಿಂದ ಕೈ ಊದದೇ ಇರಬಹುದು, ಹೊರಗೆ ಸುಳಿವೇ ಸಿಗುವುದಿಲ್ಲ. ಪೇಸ್‌ಮೇಕರ್ ಇರುವ ಕಡೆಯ ತೋಳಿನ ನಾಳಕ್ಕೆ 10-20 ಮಿಲಿ ಕಾಂಟ್ರಾಸ್ಟ್ (ಎಕ್ಸ್-ರೇಯಲ್ಲಿ ಕಾಣುವ ದ್ರವ) ಬಿಟ್ಟು ವೀನೋಗ್ರಾಮ್ ತೆಗೆದರೆ ನಿಜ ಗೊತ್ತಾಗುತ್ತದೆ. ಮುಚ್ಚಿದ್ದರೆ ಬಲೂನಿನಿಂದ ಹಿಗ್ಗಿಸುವುದು, ಹಳೆ ಲೀಡನ್ನು ತೆಗೆದು ಅದೇ ದಾರಿ ಬಳಸುವುದು, ಇನ್ನೊಂದು ಬದಿಯಿಂದ ಹಾಕಿ ಎದೆಯ ಚರ್ಮದಡಿ ಎಳೆದು ತರುವುದು ಎಂಬ ಆಯ್ಕೆಗಳಿವೆ. ಹಳೆ ಲೀಡ್ ತೆಗೆಯುವ ಸೌಲಭ್ಯ, ಅನುಭವ ಎಲ್ಲ ಕಡೆ ಇರುವುದಿಲ್ಲವಾದ್ದರಿಂದ ಇದು ಮೊದಲೇ ಗೊತ್ತಿರಬೇಕು. ಹಾಗೆಯೇ ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ಹೇಳುವ ರಕ್ತಪರೀಕ್ಷೆ) ನೋಡಿ ಕಾಂಟ್ರಾಸ್ಟಿನ ಲೆಕ್ಕ ಹಾಕಬೇಕು. ಕೊರೊನರಿ ಸೈನಸ್ ಹುಡುಕುವಾಗ ಅದು ಮತ್ತೆ ಬೇಕಾಗುತ್ತದೆ.

ಮಾತ್ರೆಗಳ ವಿಷಯದಲ್ಲಿ ಆಗುವಷ್ಟು ಎಡವಟ್ಟು ಬೇರೆಲ್ಲೂ ಆಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನಿಲ್ಲಿಸಿ, ಅದೇ ಕೆಲಸದ ಹೆಪಾರಿನ್ ಚುಚ್ಚುವ ಪದ್ಧತಿ ಹಿಂದೆ ಇತ್ತು. 2013ರ ಬ್ರೂಯಿಸ್ ಕಂಟ್ರೋಲ್ ಅಧ್ಯಯನದಲ್ಲಿ ಹಾಗೆ ಮಾಡಿದವರಲ್ಲಿ ಶೇ. 16ರಷ್ಟು ಮಂದಿಗೆ ಗಾಯದೊಳಗೆ ತೊಂದರೆ ಕೊಡುವಷ್ಟು ರಕ್ತ ಗಡ್ಡೆಕಟ್ಟಿತು. ವಾರ್ಫರಿನ್ ಮುಂದುವರಿಸಿದವರಲ್ಲಿ ಅದು ಶೇ. 3.5 ಮಾತ್ರ. ಆದ್ದರಿಂದ ಈಗ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗದ ಅಳತೆ) 3ರೊಳಗೆ ಇಟ್ಟು ಮುಂದುವರಿಸುವುದೇ ವಾಡಿಕೆ. ಏಪಿಕ್ಸಬಾನ್, ರಿವರಾಕ್ಸಬಾನ್, ಡಬಿಗಟ್ರಾನ್‌ನಂಥ ಇದೇ ಬಗೆಯ ಹೊಸ ಮಾತ್ರೆಗಳ ಕೊನೆಯ ಡೋಸ್ ಯಾವಾಗ ಎಂಬುದು ಕಿಡ್ನಿಯನ್ನು ನೋಡಿ ನಿರ್ಧಾರವಾಗುತ್ತದೆ. ದಿನ, ಗಂಟೆ ಸಮೇತ ಬರೆಸಿಕೊಳ್ಳಿ. ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಅನ್ನು ತಾವಾಗಿ ಬಿಡಲೇಬಾರದು. ಹೃದಯ ವೈಫಲ್ಯಕ್ಕೆ ಕೊಡುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನು ಜನ ಮರೆತೇಬಿಡುತ್ತಾರೆ. ಉಪವಾಸದ ಜತೆ ಇವು ಸೇರಿದರೆ ರಕ್ತದ ಸಕ್ಕರೆ ಹೆಚ್ಚಾಗದೆಯೂ ಕೀಟೋ ಆಮ್ಲ ಏರಬಹುದು, ಆದ್ದರಿಂದ ಸಾಮಾನ್ಯವಾಗಿ 3 ದಿನ ಮುಂಚೆ ನಿಲ್ಲಿಸಲು ಹೇಳುತ್ತಾರೆ. ನೀರಿನ ಮಾತ್ರೆಯದು ಬೇರೆಯೇ ಲೆಕ್ಕ. ಎರಡು ಮೂರು ಗಂಟೆ ಅಂಗಾತ ಮಲಗಬೇಕಾದ ಕೆಲಸ ಇದು. ಎರಡು ದಿಂಬಿಲ್ಲದೆ ಮಲಗಲಾರದವರಿಗೆ ಮೊದಲು ಮೈಯ ನೀರು ಇಳಿಸಿ, ಆಮೇಲೆ ದಿನ ಗೊತ್ತು ಮಾಡುವುದು ಸರಿ.

ಸೋಂಕಿನ ಭಯ ಅಪ್‌ಗ್ರೇಡಿನಲ್ಲಿ ಹೆಚ್ಚು. ಹಳೆ ಯಂತ್ರದ ಸುತ್ತ ಬೆಳೆದ ನಾರಿನ ಚೀಲಕ್ಕೆ ರಕ್ತದ ಹರಿವು ಕಡಿಮೆ. ಹಾಗಾಗಿ ಅಲ್ಲಿ ಹೊಕ್ಕ ಕ್ರಿಮಿಗೆ ಔಷಧಿಯೂ ತಲುಪುವುದಿಲ್ಲ, ದೇಹದ ಕಾವಲೂ ತಲುಪುವುದಿಲ್ಲ. ಹುಳುಕು ಹಲ್ಲು, ಕಾಲಿನ ಹುಣ್ಣು, ಮೂತ್ರದ ಸೋಂಕು ಮೊದಲು ವಾಸಿಯಾಗಲಿ, ಸಕ್ಕರೆ ಹಿಡಿತಕ್ಕೆ ಬರಲಿ. ಹಿಂದಿನ 24 ಗಂಟೆಯಲ್ಲಿ ಜ್ವರ ಬಂದಿದ್ದರೆ ಮುಚ್ಚಿಡದೆ ಹೇಳಿ, ಮುಂದೂಡುವುದೇ ಒಳ್ಳೆಯದು. ಎದೆಯ ಕೂದಲನ್ನು ಮನೆಯಲ್ಲಿ ರೇಜರಿನಿಂದ ಬೋಳಿಸಬೇಡಿ. ಸಣ್ಣ ಗೀರುಗಳಲ್ಲೇ ಕ್ರಿಮಿ ಮನೆ ಮಾಡುತ್ತದೆ. ಛೇದನಕ್ಕೆ ಮುಂಚಿನ ಒಂದು ಗಂಟೆಯೊಳಗೆ ಸೆಫಜೋಲಿನ್ ಎಂಬ ಆ್ಯಂಟಿಬಯಾಟಿಕ್ ಚುಚ್ಚುಮದ್ದು ಹೋಗಬೇಕು. ಪೆನಿಸಿಲಿನ್ ಅಲರ್ಜಿ ಇದ್ದು ವ್ಯಾಂಕೊಮೈಸಿನ್ ಕೊಡುವುದಾದರೆ ಅದನ್ನು ಇನ್ನೂ ಬೇಗ ಶುರು ಮಾಡಬೇಕು, ಅದು ನಿಧಾನವಾಗಿ ಹೋಗುವ ಔಷಧಿ. ಘನ ಆಹಾರ 6 ಗಂಟೆ ಮುಂಚೆ, ಬರೀ ನೀರು 2 ಗಂಟೆ ಮುಂಚೆ ನಿಲ್ಲಬೇಕು.

ಮನೆಗೆ ಬಂದ ಮೇಲೆ ಗಾಯದ ಜಾಗ ದಿನೇದಿನೇ ಉಬ್ಬಿದರೆ, ಕೆಂಪಾಗಿ ಬಿಸಿಯಾದರೆ, ಒಂದು ಹನಿ ಸೋರಿದರೂ ಯಂತ್ರ ಹಾಕಿದ ತಂಡಕ್ಕೇ ತೋರಿಸಿ. ಉಬ್ಬಿದ್ದನ್ನು ಸೂಜಿಯಿಂದ ಹೀರಲು ಯಾರಿಗೂ ಬಿಡಬೇಡಿ. ಆ ಸೂಜಿಯೇ ಸೋಂಕನ್ನು ಒಳಗೆ ಒಯ್ಯುತ್ತದೆ. ನಾಲ್ಕಾರು ವಾರ ಆ ಕೈ ಭುಜದ ಮಟ್ಟ ದಾಟದಿರಲಿ, ಆದರೆ ಕೆಳಗೆ ಆಡಿಸುತ್ತಿರಿ. ಪೂರ್ತಿ ಕಟ್ಟಿಟ್ಟರೆ ಭುಜ ಹಿಡಿದುಕೊಳ್ಳುತ್ತದೆ. ಬಿಕ್ಕಳಿಕೆಯಂತೆ ಹೊಟ್ಟೆಯ ಮೇಲ್ಭಾಗ ಮಿಡಿಯುತ್ತಿದ್ದರೆ ಎಡ ಲೀಡಿನ ಸಂಕೇತ ವಪೆಯ (ಉಸಿರಾಟದ ಸ್ನಾಯು, ಡಯಾಫ್ರಮ್) ನರಕ್ಕೆ ತಾಗುತ್ತಿದೆ ಎಂದರ್ಥ. ನಾಲ್ಕು ಧ್ರುವದ ಲೀಡಾದರೆ ಬಹುಪಾಲು ಪ್ರೋಗ್ರಾಮಿಂಗಿನಲ್ಲೇ ಸರಿಯಾಗುತ್ತದೆ.

ಫಲ ತಿಳಿಯಲು 3ರಿಂದ 6 ತಿಂಗಳ ನಂತರದ ಎಕೋ ಬೇಕು, ಹೃದಯದ ಮಾತ್ರೆಗಳು ಆಮೇಲೂ ಮುಂದುವರಿಯುತ್ತವೆ. ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರಿಗೆ ನಿರೀಕ್ಷಿಸಿದಷ್ಟು ಸುಧಾರಣೆ ಕಾಣುವುದಿಲ್ಲ. ಆಗ ಮೊದಲು ನೋಡಬೇಕಾದದ್ದು ಎರಡೂ ಕಡೆಯ ಪೇಸಿಂಗ್ ಪ್ರಮಾಣ. ಅದು ಶೇ. 98 ಮೀರಿರಬೇಕು. ಈ ಅಂಕಿಯೂ ಒಮ್ಮೊಮ್ಮೆ ಮೋಸ ಮಾಡುತ್ತದೆ: ಹೃದಯದ ಸ್ವಂತ ಬಡಿತದ ಜತೆ ಬೆರೆತ ಅರೆಬರೆ ಪೇಸಿಂಗನ್ನೂ ಯಂತ್ರ ಪೂರ್ತಿ ಪೇಸಿಂಗ್ ಎಂದೇ ಎಣಿಸಿಕೊಂಡಿರುತ್ತದೆ. ಸಂಶಯವಿದ್ದರೆ ಹನ್ನೆರಡು ಲೀಡಿನ ಇಸಿಜಿ (ಇಲ್ಲಿ ಲೀಡ್ ಎಂದರೆ ಮೈಮೇಲಿನಿಂದ ಹೃದಯವನ್ನು ನೋಡುವ ಕೋನ), ಜತೆಗೆ 24 ಗಂಟೆಯ ಹೋಲ್ಟರ್ (ಮೈಗೆ ಕಟ್ಟಿಕೊಳ್ಳುವ ಇಸಿಜಿ ಯಂತ್ರ) ಮಾಡಿಸಲು ಕೇಳಿ.