ಶೇಕಡಾ ಯಾವುದರ ಮೇಲೆ?

ಮಿಕ್ಸಿಯೊಂದಕ್ಕೆ ಶೇ 18ರ ಜಿಎಸ್‌ಟಿ ಸೇರಿ 2,950 ರೂಪಾಯಿ ಬಿಲ್ ಆಗಿದೆ. ಇದರಲ್ಲಿ ತೆರಿಗೆ ಎಷ್ಟು? ಬಹಳಷ್ಟು ಮಂದಿ ತಕ್ಷಣ 2,950ರ ಶೇ 18 ಲೆಕ್ಕ ಹಾಕಿ 531 ರೂಪಾಯಿ ಎನ್ನುತ್ತಾರೆ. ಹಾಗಾದರೆ ಮೂಲ ಬೆಲೆ 2,419 ಆಗಬೇಕು. ಅದಕ್ಕೆ ಶೇ 18 ಸೇರಿಸಿ ನೋಡಿ: 2,854 ರೂಪಾಯಿ ಚಿಲ್ಲರೆ ಬರುತ್ತದೆ, 2,950 ಬರುವುದಿಲ್ಲ. ತೆರಿಗೆ ಹಾಕಿದ್ದು ಮೂಲ ಬೆಲೆಯ ಮೇಲೆ. ನಾವು ಶೇಕಡಾ ತೆಗೆದದ್ದು ತೆರಿಗೆ ಸೇರಿದ ಮೊತ್ತದ ಮೇಲೆ. ತಪ್ಪಿದ್ದು ಅಲ್ಲೇ.

ಗೊತ್ತಿಲ್ಲದ ಮೂಲ ಬೆಲೆಯನ್ನು ಕ್ಷ ಎಂದಿಟ್ಟುಕೊಳ್ಳಿ.

ಕ್ಷ + 0.18ಕ್ಷ = 2,950
1.18ಕ್ಷ = 2,950
ಕ್ಷ = 2,950 ÷ 1.18 = 2,500

ತೆರಿಗೆ 450 ರೂಪಾಯಿ. ಶೇಕಡಾ ಹೆಚ್ಚಳದ ಲೆಕ್ಕಗಳಿಗೆಲ್ಲ ಈ ಎರಡನೇ ಸಾಲೇ ಆಧಾರ. ಶೇ 18 ಹೆಚ್ಚಿತು ಎಂದರೆ 1.18ರಿಂದ ಗುಣಿಸಿದಂತೆ, ಶೇ 18 ಇಳಿಯಿತು ಎಂದರೆ 0.82ರಿಂದ ಗುಣಿಸಿದಂತೆ. ಈ ಸಂಖ್ಯೆಯನ್ನು ಗುಣಕ ಎನ್ನೋಣ. ಹೊಸದು = ಹಳೆಯದು × ಗುಣಕ. ಹೊಸದು ಬೇಕಿದ್ದರೆ ಗುಣಿಸಿ, ಹಳೆಯದು ಬೇಕಿದ್ದರೆ ಭಾಗಿಸಿ. ಗುಣಕವೇ ಬೇಕಿದ್ದರೆ ಹೊಸದನ್ನು ಹಳೆಯದರಿಂದ ಭಾಗಿಸಿ, 1 ಕಳೆದು, 100ರಿಂದ ಗುಣಿಸಿದರೆ ಶೇಕಡಾ ಸಿಗುತ್ತದೆ. ಪ್ರಶ್ನೆ ಓದಿದೊಡನೆ ಹಾಳೆಯ ಮೇಲೆ ಮೊದಲು ಬರೆಯಬೇಕಾದದ್ದು ಉತ್ತರವನ್ನಲ್ಲ, 'ಈ ಶೇಕಡಾ ಯಾವುದರ ಮೇಲೆ' ಎಂಬುದನ್ನು.

ಗುಣಕದ ಅಭ್ಯಾಸವಾದರೆ ಇನ್ನೊಂದು ಲಾಭವಿದೆ. ಬೆಲೆ ಶೇ 20 ಏರಿ, ಮತ್ತೆ ಶೇ 20 ಇಳಿದರೆ 1.2 × 0.8 = 0.96, ಅಂದರೆ ಮೊದಲಿಗಿಂತ ಶೇ 4 ಕಡಿಮೆ. ಎಣ್ಣೆಯ ಬೆಲೆ ಶೇ 25 ಏರಿದೆ, ಖರ್ಚು ಮಾತ್ರ ಹೆಚ್ಚಬಾರದು ಎಂದರೆ ಬಳಕೆಯನ್ನು ಎಷ್ಟು ಇಳಿಸಬೇಕು? 1 ÷ 1.25 = 0.8. ಇಳಿಸಬೇಕಾದದ್ದು ಶೇ 20, ಶೇ 25 ಅಲ್ಲ.

ಎರಡು ಗುಂಪುಗಳು ಬೇರೆ ಬೇರೆ ದರದಲ್ಲಿ ಬೆಳೆಯುವ ಲೆಕ್ಕ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಮಾಮೂಲು. ಶಾಲೆಯೊಂದರಲ್ಲಿ 2,000 ವಿದ್ಯಾರ್ಥಿಗಳಿದ್ದಾರೆ. ಮರುವರ್ಷ ಹುಡುಗರ ಸಂಖ್ಯೆ ಶೇ 5, ಹುಡುಗಿಯರ ಸಂಖ್ಯೆ ಶೇ 10 ಹೆಚ್ಚಿ ಒಟ್ಟು 2,145 ಆಯಿತು. ಮೊದಲು ಹುಡುಗರು ಎಷ್ಟಿದ್ದರು? ಅವರು ಕ್ಷ ಎಂದರೆ ಹುಡುಗಿಯರು 2,000 − ಕ್ಷ.

1.05ಕ್ಷ + 1.10(2,000 − ಕ್ಷ) = 2,145
2,200 − 0.05ಕ್ಷ = 2,145
ಕ್ಷ = 55 ÷ 0.05 = 1,100

ಒಟ್ಟು ಹೆಚ್ಚಳ ಶೇ 7.25. ಐದು ಮತ್ತು ಹತ್ತರ ನಡುವಿನ 7.5 ಏಕಲ್ಲ ಎಂದರೆ ಹುಡುಗರು ಹೆಚ್ಚಿದ್ದಾರೆ, ಸರಾಸರಿ ಅವರ ದರದ ಕಡೆಗೆ ವಾಲಿದೆ. ಸಮೀಕರಣ ಬಿಡಿಸುವ ಮೊದಲೇ ಇಷ್ಟು ಊಹಿಸಿಕೊಂಡರೆ ಉತ್ತರ ತಲೆಕೆಳಗಾದಾಗ ಕೂಡಲೇ ಗೊತ್ತಾಗುತ್ತದೆ.

ಇನ್ನು ವರ್ಗಸಮೀಕರಣ ಬೇಕಾಗುವ ಜಾಗ. ಒಂದು ವ್ಯಾಪಾರ ಮೊದಲ ವರ್ಷ ಯಾವುದೋ ದರದಲ್ಲಿ, ಎರಡನೇ ವರ್ಷ ಅದರ ಎರಡರಷ್ಟು ದರದಲ್ಲಿ ಬೆಳೆದು, ಒಟ್ಟಾರೆ ಶೇ 32 ಹೆಚ್ಚಿತು. ಮೊದಲ ವರ್ಷದ ದರ ಎಷ್ಟು? 32ನ್ನು ಮೂರರಿಂದ ಭಾಗಿಸಿ 10.67 ಎನ್ನುವವರು ಎರಡನೇ ವರ್ಷದ ಬೆಳವಣಿಗೆ ಆಗಲೇ ಹೆಚ್ಚಿದ ಮೊತ್ತದ ಮೇಲೆ ಬಂದಿದೆ ಎಂಬುದನ್ನು ಬಿಟ್ಟಿರುತ್ತಾರೆ.

(1 + ಕ್ಷ)(1 + 2ಕ್ಷ) = 1.32
2ಕ್ಷ² + 3ಕ್ಷ − 0.32 = 0
ಕ್ಷ = (−3 ± √11.56) ÷ 4 = (−3 ± 3.4) ÷ 4

ಒಂದು ಮೂಲ 0.1, ಇನ್ನೊಂದು −1.6. ಎರಡನೆಯದು ಶೇ 160ರ ಇಳಿಕೆ. ಶೇ 100 ಇಳಿದರೇ ಸೊನ್ನೆಗೆ ಬರುವುದರಿಂದ ಅದನ್ನು ಕೈಬಿಡಬೇಕು. ಕೈಬಿಟ್ಟ ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಮೊದಲ ವರ್ಷ ಶೇ 10, ಎರಡನೆಯದು ಶೇ 20; 1.1 × 1.2 = 1.32, ತಾಳೆಯಾಯಿತು. ಇಲ್ಲಿ ಶೇಕಡಾವನ್ನು ದಶಮಾಂಶಕ್ಕೆ ತಿರುಗಿಸದೆ (1 + 10) ಎಂದು ಬರೆಯುವುದು ಪದೇ ಪದೇ ಕಾಣುವ ತಪ್ಪು. ಶೇ 10 ಎಂದರೆ 0.10.

ಹಲವು ವರ್ಷಗಳ ಬೆಳವಣಿಗೆಯಿಂದ ವಾರ್ಷಿಕ ದರ ಕಂಡುಹಿಡಿಯುವುದರಲ್ಲಿ ಪತ್ರಿಕೆ, ವರದಿಗಳೂ ಎಡವುತ್ತವೆ. ಜನಗಣತಿಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65,37,124, 2011ರಲ್ಲಿ 96,21,551. ಭಾಗಿಸಿದರೆ ಗುಣಕ 1.4718, ಅಂದರೆ ಹತ್ತು ವರ್ಷದ ಹೆಚ್ಚಳ ಶೇ 47.18. ಇದನ್ನು ಹತ್ತರಿಂದ ಭಾಗಿಸಿ 'ವರ್ಷಕ್ಕೆ ಶೇ 4.72' ಎಂದುಬಿಟ್ಟರೆ? ಆ ದರದಲ್ಲಿ ವರ್ಷದ ಮೇಲೆ ವರ್ಷ ಬೆಳೆದರೆ ಹತ್ತು ವರ್ಷಕ್ಕೆ ಹೆಚ್ಚಳ ಸುಮಾರು ಶೇ 58.6 ಆಗುತ್ತದೆ. ಚಕ್ರಬಡ್ಡಿಯ ಹಾಗೆ ಬೆಳೆಯುವುದನ್ನು ಸರಳ ಬಡ್ಡಿಯ ಹಾಗೆ ಹಂಚಿದ ಪರಿಣಾಮವಿದು.

ವಾರ್ಷಿಕ ಗುಣಕವನ್ನು ಗ ಎಂದಿಟ್ಟುಕೊಂಡರೆ ಗ¹⁰ = 1.4718. ಹತ್ತನೇ ಮೂಲ ತೆಗೆಯಲು ಫೋನಿನ ವೈಜ್ಞಾನಿಕ ಕ್ಯಾಲ್ಕುಲೇಟರ್ ಸಾಕು: 1.4718 ಒತ್ತಿ, ಘಾತದ ಗುಂಡಿ ಒತ್ತಿ, 0.1 ಕೊಡಿ. ಉತ್ತರ 1.0394, ಅಂದರೆ ವರ್ಷಕ್ಕೆ ಸರಾಸರಿ ಶೇ 3.94. ಐದು ವರ್ಷದ ಲೆಕ್ಕಕ್ಕೆ 0.2, ಎರಡು ವರ್ಷಕ್ಕೆ ವರ್ಗಮೂಲ. ಕ್ಯಾಲ್ಕುಲೇಟರ್ ಇಲ್ಲದ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಸಲೀಸಾಗಿ ಮೂಲ ಸಿಗುವ ಸಂಖ್ಯೆಗಳನ್ನೇ ಕೊಡುತ್ತಾರೆ. 1.05² = 1.1025, 1.1² = 1.21, 1.2² = 1.44, 1.1³ = 1.331, 1.2³ = 1.728 ಇಷ್ಟು ಬಾಯಿಪಾಠವಾಗಿರಲಿ.

ಇಡೀ ಕರ್ನಾಟಕಕ್ಕೆ ಇದೇ ಲೆಕ್ಕ ಮಾಡಿ ನೋಡಿ: 5,28,50,562ರಿಂದ 6,10,95,297ಕ್ಕೆ, ಗುಣಕ 1.156, ವರ್ಷಕ್ಕೆ ಶೇ 1.46. ಹತ್ತರಿಂದ ಭಾಗಿಸಿದ್ದರೆ 1.56 ಬರುತ್ತಿತ್ತು. ದರ ಚಿಕ್ಕದಾದಷ್ಟೂ ಎರಡರ ಅಂತರ ಕುಗ್ಗುತ್ತದೆ. ಅದಕ್ಕೇ ಈ ತಪ್ಪು ಎಷ್ಟೋ ಸಲ ಯಾರ ಕಣ್ಣಿಗೂ ಬೀಳದೆ ದಾಟಿಹೋಗುತ್ತದೆ.

ಕೊನೆಯದಾಗಿ ದಶಮಾಂಶ ಸ್ಥಾನಗಳ ಮಾತು. 3.94ನ್ನು 'ಸುಮಾರು 4' ಎಂದು ದುಂಡು ಮಾಡಿ 2001ರ ಸಂಖ್ಯೆಯಿಂದ ಮುಂದಕ್ಕೆ ಲೆಕ್ಕ ಹಾಕಿದರೆ 2011ಕ್ಕೆ ನಿಜವಾದದ್ದಕ್ಕಿಂತ ಸುಮಾರು 55 ಸಾವಿರ ಜನ ಹೆಚ್ಚು ಬರುತ್ತಾರೆ. ಘಾತ ಏರಿದಂತೆ ಸಣ್ಣ ದುಂಡನೆಯೂ ಹಿಗ್ಗುತ್ತದೆ. ಗುಣಕವನ್ನು ಕನಿಷ್ಠ ನಾಲ್ಕು ದಶಮಾಂಶ ಸ್ಥಾನಗಳವರೆಗೆ ಉಳಿಸಿಕೊಂಡು, ದುಂಡು ಮಾಡುವುದನ್ನು ಕಡೆಯ ಸಾಲಿನಲ್ಲಿ ಮಾತ್ರ ಮಾಡಿ.